ಗುರ್ದೆ ಚರ್ಬಿ: ನಿಮ್ಮ ಪ್ರಶ್ನೆ, ನನ್ನ ಒಲೆ

ಹೋದ ತಿಂಗಳು ನಮ್ಮ ಕಲಬುರಗಿ ತಹರಿ, ಅಂದರೆ ಮಸಾಲೆ ಅನ್ನದ ಬಗ್ಗೆ ಬರೆಯುವಾಗ ಒಂದೇ ಒಂದು ಸಾಲು ಸೇರಿಸಿದ್ದೆ: "ಗುರ್ದೆ ಚರ್ಬಿ ಒಂದು ತುಂಡು ಹಾಕಿ, ರುಚಿ ನೋಡಿ." ಗುರ್ದೆ ಅಂದರೆ ಮೂತ್ರಪಿಂಡ, ಚರ್ಬಿ ಅಂದರೆ ಕೊಬ್ಬು. ತಹರಿ ಹೇಗಾಯಿತು ಅಂತ ಬರೆದವರು ಮೂರೇ ಜನ. ಉಳಿದ ಪತ್ರಗಳೆಲ್ಲಾ ಆ ಚರ್ಬಿ ತುಂಡಿನ ಬೆನ್ನು ಹತ್ತಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಇಲ್ಲ, ಬರೀ ಚರ್ಬಿ. ಮಾಂಸ ಮುಟ್ಟದವರು ನಾಲ್ಕನೇ ಪ್ರಶ್ನೆಯನ್ನಾದರೂ ಓದಿ, ಅದು ನಿಮಗೇ ಇರುವುದು.

ಅಕ್ಕಾ, ಮದುವೆಯಾಗಿ ಎಂಟು ತಿಂಗಳಾಯಿತು. ಮಟನ್ ಅಂಗಡಿಯವರು ಕೊಬ್ಬನ್ನು ಬೇಕಾದರೆ ತಗೊಂಡು ಹೋಗಿ ಅಂತ ಸುಮ್ನೆ ಕೊಡುತ್ತಾರೆ. ಅತ್ತೆ ಕರಗಿಸಿ ಇಡು ಅನ್ನುತ್ತಾರೆ. ನಾನು ಒಮ್ಮೆ ಮಾಡಿದಾಗ ಮನೆಯೆಲ್ಲಾ ಹೊಗೆ, ವಾಸನೆ. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಕಲಬುರಗಿ

ತಂಗಿ, ಮೊದಲು ಅಂಗಡಿಯವರು ನಿನಗೆ ಯಾವ ಕೊಬ್ಬು ಕೊಟ್ಟರು ಅನ್ನುವುದು ಗೊತ್ತಾಗಬೇಕು. ಕುರಿಯ ಮೈಯಲ್ಲಿ ಕೊಬ್ಬು ಒಂದೇ ತರಹ ಇರುವುದಿಲ್ಲ. ಚರ್ಮದ ಕೆಳಗಿನದು ಮೆತ್ತಗೆ, ಕೈಗೆ ಜಿಡ್ಡು ಜಿಡ್ಡು. ಹೊಟ್ಟೆಯ ಮೇಲೆ ಬಲೆಯ ಹಾಗೆ ಹರಡಿಕೊಂಡದ್ದು ತೆಳ್ಳಗೆ. ಗುರ್ದೆಯನ್ನು ಸುತ್ತಿಕೊಂಡದ್ದು ಇದೆಯಲ್ಲ, ಅದೇ ಬೇರೆ ಜಾತಿ. ಬೆಳ್ಳಗೆ, ಗಟ್ಟಿ. ಬೆರಳಿನಲ್ಲಿ ಒತ್ತಿದರೆ ಮೆತ್ತಿಕೊಳ್ಳುವುದಿಲ್ಲ, ಹಳೆ ಸುಣ್ಣದ ಹಾಗೆ ಪುಡಿಯಾಗಿ ಉದುರುತ್ತದೆ. ನಮಗೆ ಬೇಕಾದದ್ದು ಅದು. ನಾನು 31 ವರ್ಷದಿಂದ ಒಂದೇ ಅಂಗಡಿಗೆ ಹೋಗುವವಳು. "ಚಾಚಾ, ಚರ್ಬಿ ಕೊಡ್ರಿ" ಅಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. "ಗುರ್ದೆ ಚರ್ಬಿ ಕೊಡ್ರಿ" ಅಂದರೆ ಒಂದು ಸಲ ಮುಖ ನೋಡಿ, ಒಳಗಿನಿಂದ ತಂದು ಕೊಡುತ್ತಾರೆ. ಮಾತಿನಲ್ಲಿ ಅಷ್ಟೇ ವ್ಯತ್ಯಾಸ.

ಮನೆಗೆ ತಂದ ಮೇಲೆ ಅರ್ಧ ಗಂಟೆ ಫ್ರೀಜರಿನಲ್ಲಿ ಇಡು. ಗಟ್ಟಿಯಾದರೆ ಪೊರೆ ಸುಲಭವಾಗಿ ಬಿಡುತ್ತದೆ. ಗಾಜಿನ ಕಾಗದದಂಥ ತೆಳು ಪೊರೆ ಅದು. ಜೊತೆಗೆ ಅಲ್ಲಲ್ಲಿ ಕೆಂಪು ನರ, ರಕ್ತದ ಕಲೆ ಇರುತ್ತವೆ. ಎಲ್ಲಾ ತೆಗೆ. ಆಲಸ್ಯ ಮಾಡಿದರೆ ಸುಟ್ಟ ವಾಸನೆ ಬರುವುದು ಅಲ್ಲಿಂದಲೇ. ಆಮೇಲೆ ಸಣ್ಣಗೆ ಕೊಚ್ಚು, ಕಡಲೆ ಕಾಳಿನಷ್ಟು. ದಪ್ಪ ತುಂಡು ಹಾಕಿದರೆ ಹೊರಗೆ ಕಪ್ಪಾಗುತ್ತದೆ, ಒಳಗೆ ಹಸಿಯಾಗೇ ಇರುತ್ತದೆ.

ದಪ್ಪ ತಳದ ಪಾತ್ರೆಗೆ ಹಾಕಿ, ಅರ್ಧ ಕೇಜಿಗೆ ಅರ್ಧ ಲೋಟ ನೀರು ಹಾಕು. ನೀರು ಯಾಕೆ ಅಂತೀಯಾ? ನೀರು ಇರುವತನಕ ಶಾಖ 100 ಡಿಗ್ರಿ ದಾಟುವುದಿಲ್ಲ. ಅಷ್ಟರೊಳಗೆ ಕೊಬ್ಬು ಮೆಲ್ಲಗೆ ಬಿಟ್ಟುಕೊಳ್ಳುತ್ತದೆ, ತಳ ಹತ್ತುವುದಿಲ್ಲ. ಉರಿ ಸಣ್ಣ. ಮುಚ್ಚಳ ಬೇಡ. ಮೊದಲು ಹಾಲಿನ ಹಾಗೆ ಮಬ್ಬಾಗಿರುತ್ತದೆ, ಗುಳು ಗುಳು ಸದ್ದು ಮಾಡುತ್ತದೆ. ನೀರು ಆರುತ್ತಾ ಬಂದ ಹಾಗೆ ಸದ್ದು ಕಡಿಮೆಯಾಗುತ್ತದೆ, ಬಣ್ಣ ತಿಳಿಯಾಗುತ್ತದೆ. ಚೂರುಗಳು ಬಂಗಾರದ ಬಣ್ಣಕ್ಕೆ ತಿರುಗಿ ಕೆಳಗೆ ಕೂತರೆ ಮುಗಿಯಿತು. ನನಗೆ ಅರ್ಧ ಕೇಜಿಗೆ ಮುಕ್ಕಾಲು ಗಂಟೆ ಬೇಕಾಗುತ್ತದೆ. ನೀನು ದೊಡ್ಡ ಉರಿಯಲ್ಲಿ ಒಣ ಬಾಣಲಿಗೆ ಹಾಕಿರಬೇಕು. ಹೊಗೆ ಬಂದದ್ದು ಅದಕ್ಕೇ.

ತೆಳು ಬಟ್ಟೆಯಲ್ಲಿ ಸೋಸಿ ಒಣಗಿದ ಗಾಜಿನ ಬಾಟಲಿಗೋ ಸ್ಟೀಲ್ ಡಬ್ಬಿಗೋ ಹಾಕು. ಒದ್ದೆ ಚಮಚ ತಾಗಿಸಬೇಡ. ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಹಸಿ ಕೊಬ್ಬು ಮಾತ್ರ ಎರಡು ಮೂರು ದಿನಕ್ಕಿಂತ ಜಾಸ್ತಿ ಇಡಬೇಡ. ಇಡಲೇಬೇಕು ಅಂದರೆ ಫ್ರೀಜರ್.

ಇನ್ನೊಂದು ಮಾತು, ಇದು ನನ್ನ ತಲೆಗೇ ಬಂದದ್ದು. ಬಾಡಿಗೆ ಮನೆಯಲ್ಲಿದ್ದಾಗ ಒಂದು ಡಿಸೆಂಬರ್ ಸಂಜೆ ಪಾತ್ರೆಯಲ್ಲಿ ಉಳಿದ ಬಿಸಿ ಚರ್ಬಿಯನ್ನು ಸಿಂಕಿಗೆ ಸುರಿದೆ. ನೀರಿನ ಹಾಗೇ ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಸಿಂಕ್ ತುಂಬಾ ನೀರು. ಪೈಪಿನೊಳಗೆ ಮೇಣದ ಬತ್ತಿ ಎರಕ ಹೊಯ್ದ ಹಾಗೆ ಗಟ್ಟಿಯಾಗಿತ್ತು. ಪೈಪ್ ಬಿಚ್ಚಲು ಬಂದವನು ಆ ಬಿಳಿ ಕೋಲನ್ನು ಹೊರಗೆಳೆದು ಓಣಿಯ ಹುಡುಗರಿಗೆಲ್ಲಾ ತೋರಿಸಿದ. ಮನೆ ಮಾಲೀಕರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಪಾತ್ರೆಯನ್ನು ಹಳೆ ಪೇಪರಿನಲ್ಲಿ ಒರೆಸಿ, ಆಮೇಲೆ ತೊಳೆ.

ನಮ್ಮ ಅಜ್ಜಿ ಮಿಷನ್ ಆಸ್ಪತ್ರೆಯ ದೊರೆಸಾನಿಯೊಬ್ಬರ ಹತ್ತಿರ ಅಡುಗೆ ಕಲಿತವರು. ಅವರ ನೋಟ್‌ಬುಕ್ಕಿನಲ್ಲಿ ಕ್ರಿಸ್‌ಮಸ್ ಪುಡಿಂಗಿಗೆ "ಸೂಯೆಟ್ ಅರ್ಧ ಪೌಂಡ್" ಅಂತ ಇದೆ. ಸೂಯೆಟ್ ಅಂದರೆ ಏನು? ಬೀದರ್‌ನಲ್ಲಿ ಸಿಗುತ್ತದಾ?
— ಓದುಗರೊಬ್ಬರು, ಬೀದರ್

ಸಿಗುತ್ತದೆ, ಮೇಲೆ ಓದಿದಿರಲ್ಲ, ಅದೇ! ಸೂಯೆಟ್ ಅಂದರೆ ಗುರ್ದೆಯ ಸುತ್ತಲಿನ ಹಸಿ ಕೊಬ್ಬು. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ದನದ್ದು ಬಳಸುತ್ತಾರೆ, ಕುರಿಯದ್ದೂ ಉಂಟು. ಕರಗಿಸಿ ಸೋಸಿದ ಮೇಲೆ ಅದಕ್ಕೆ ಟ್ಯಾಲೋ ಅನ್ನುತ್ತಾರೆ. ಅರ್ಧ ಪೌಂಡ್ ಅಂದರೆ ಸುಮಾರು 225 ಗ್ರಾಂ.

ಆ ಜನರ ಚಳಿಗಾಲದ ಅಡುಗೆಯ ಅರ್ಧ ಭಾಗ ಈ ಕೊಬ್ಬಿನ ಮೇಲೇ ನಿಂತಿದೆ ಅನ್ನಬಹುದು. ಕ್ರಿಸ್‌ಮಸ್ ಪುಡಿಂಗ್, ಜಾಮ್ ಹಚ್ಚಿ ಸುರುಳಿ ಸುತ್ತಿ ಬೇಯಿಸುವ ರೋಲಿ ಪೋಲಿ, ಮಾಂಸ ಮತ್ತು ಗುರ್ದೆ ತುಂಬಿ ಹಬೆಯಲ್ಲಿಡುವ ಪುಡಿಂಗ್, ಸಾರಿನ ಮೇಲೆ ತೇಲಿಬಿಡುವ ಹಿಟ್ಟಿನ ಉಂಡೆ. ಸ್ಕಾಟ್ಲೆಂಡಿನ ಹ್ಯಾಗಿಸ್ ಕೂಡ ಇದೇ ಗುಂಪಿನದು. ಕುರಿಯ ಹೃದಯ, ಕಲೇಜಿ (ಪಿತ್ತಜನಕಾಂಗ), ಶ್ವಾಸಕೋಶ ಕೊಚ್ಚಿ, ಓಟ್ಸ್, ಈರುಳ್ಳಿ, ಸೂಯೆಟ್ ಸೇರಿಸಿ ಜಠರದ ಚೀಲದೊಳಗೆ ತುಂಬಿ ಬೇಯಿಸುತ್ತಾರೆ. ನಮ್ಮ ಕಡೆ ಬೋಟಿ, ಚಾಕ್ನಾ ಅಂತ ಕರುಳು, ಒಳಭಾಗದ ಅಡುಗೆ ತಿನ್ನುವವರಿಗೆ ಇದರಲ್ಲಿ ಮೂಗು ಮುರಿಯುವಂಥದ್ದು ಏನೂ ಕಾಣಲಿಕ್ಕಿಲ್ಲ.

ಬೆಣ್ಣೆ ಇರುವಾಗ ಈ ಕೊಬ್ಬೇ ಯಾಕೆ? ಗುಟ್ಟು ಇರುವುದು ಕರಗುವ ಶಾಖದಲ್ಲಿ. ಬೆಣ್ಣೆ 32–35 ಡಿಗ್ರಿಗೆ ಕರಗುತ್ತದೆ. ಸೂಯೆಟ್ ಕರಗಲು 45–50 ಡಿಗ್ರಿ ಬೇಕು. ಬೆಣ್ಣೆ ಹಾಕಿದ ಹಿಟ್ಟನ್ನು ಹಬೆಗೆ ಇಟ್ಟ ಕೂಡಲೇ ಬೆಣ್ಣೆ ಕರಗಿ ಹಿಟ್ಟಿನೊಳಗೆ ಇಂಗಿಬಿಡುತ್ತದೆ. ಪುಡಿಂಗ್ ಕಲ್ಲಾಗುತ್ತದೆ. ಸೂಯೆಟ್ ಚೂರುಗಳು ಹಾಗಲ್ಲ, ತಡವಾಗಿ ಕರಗುತ್ತವೆ. ಅಷ್ಟರಲ್ಲಿ ಸುತ್ತಲಿನ ಹಿಟ್ಟು ಬೆಂದು ನಿಂತಿರುತ್ತದೆ. ಚೂರು ಕರಗಿದ ಜಾಗದಲ್ಲಿ ಸಣ್ಣ ತೂತು ಉಳಿಯುತ್ತದೆ. ಪುಡಿಂಗ್ ಹಗುರವಾಗುವುದು ಆ ತೂತಿನಿಂದ. ಹಾಗಾಗಿ ಪುಡಿಂಗಿಗೆ ಕರಗಿಸಿದ ಚರ್ಬಿ ಸುರಿಯಬಾರದು. ಹಸಿಯದನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮೇಲೊಂದಿಷ್ಟು ಮೈದಾ ಉದುರಿಸಿ ತುರಿಯಬೇಕು. ಮೈದಾ ಇಲ್ಲದಿದ್ದರೆ ತುರಿ ಎಲ್ಲಾ ಒಂದೇ ಮುದ್ದೆ.

ಈ ತುರಿಯುವ ಕೆಲಸದಲ್ಲಿ ಅಲ್ಲಿಯ ಹೆಂಗಸರೂ ಸಾಕಾಗಿ ಹೋಗಿದ್ದರಂತೆ. ಮ್ಯಾಂಚೆಸ್ಟರಿನಲ್ಲಿದ್ದ ಗೇಬ್ರಿಯೆಲ್ ಹ್ಯೂಗನ್ ಎಂಬ ಫ್ರೆಂಚ್ ಮನುಷ್ಯ ಹೆಂಡತಿ ಅಡುಗೆಮನೆಯಲ್ಲಿ ಸೂಯೆಟ್ ಕೊಚ್ಚಲು ಒದ್ದಾಡುವುದನ್ನು ನೋಡಿ, 1893ರಲ್ಲಿ ಅದನ್ನು ತಯಾರು ಮಾಡಿ ಮಾರುವ ಕಾರ್ಖಾನೆಯನ್ನೇ ಹಾಕಿದ. ಅಟೋರಾ ಅಂತ ಹೆಸರು. ಆ ಹೆಸರಿನ ಪೊಟ್ಟಣ ಈಗಲೂ ಅಲ್ಲಿಯ ಅಂಗಡಿಗಳಲ್ಲಿದೆ. ನಮ್ಮ ಮನೆಯವರು ಮಾತ್ರ ನಾನು ಒದ್ದಾಡುವಾಗ ಪೇಪರ್ ಓದುತ್ತಾ ಕೂತಿದ್ದರು, ಇರಲಿ.

ಈಗ ನಿಮ್ಮ ಅಜ್ಜಿಯ ಪುಡಿಂಗ್. ಕುರಿಯ ಸೂಯೆಟ್ ಹಾಕಿ ನಾನು ಒಮ್ಮೆ ಮಾಡಿದ್ದೇನೆ. ಹದ ಚೆನ್ನಾಗಿ ಬಂತು. ಆದರೆ ದ್ರಾಕ್ಷಿ, ಸಕ್ಕರೆ, ದಾಲ್ಚಿನ್ನಿ ನಡುವೆ ಎಲ್ಲೋ ಒಂದು ಕುರಿ ಇಣುಕುತ್ತಿತ್ತು. ಮಟನ್ನಿನ ವಾಸನೆ ಹೆಚ್ಚಾಗಿ ಇರುವುದೇ ಕೊಬ್ಬಿನಲ್ಲಿ. ಸಿಹಿಗೆ ನಾನು ಒಪ್ಪುವುದಿಲ್ಲ. ಡಾಲ್ಡಾವನ್ನು ಫ್ರೀಜರಿನಲ್ಲಿ ಕಲ್ಲು ಮಾಡಿ ತುರಿದು ಹಾಕಿ, ಬೆಣ್ಣೆಗಿಂತ ಅದು ಸ್ವಲ್ಪ ಗಟ್ಟಿ. ಇಲ್ಲವಾದರೆ ಬೆಣ್ಣೆಯನ್ನೇ ಹಾಗೆ ತುರಿದು ಬೇಗ ಬೇಗ ಕಲಸಿ. ನೋಟ್‌ಬುಕ್ಕಿನಲ್ಲಿ ಆರೇಳು ಗಂಟೆ ಹಬೆ ಅಂತ ಇದ್ದರೆ ಗಾಬರಿಯಾಗಬೇಡಿ, ಅದು ಅಷ್ಟು ಹೊತ್ತೇ ಬೇಯುವಂಥದ್ದು. ಪಾತ್ರೆಯ ನೀರು ಆರದಂತೆ ನೋಡಿಕೊಳ್ಳಿ.

ಕುರಿಯ ಸೂಯೆಟ್ ಅನ್ನು ಖಾರದ ಅಡುಗೆಗೆ ಇಟ್ಟುಕೊಳ್ಳಿ. ಮಟನ್ ಸಾರಿನ ಮೇಲೆ ಆ ಹಿಟ್ಟಿನ ಉಂಡೆ ಮಾಡಿ ನೋಡಿ. ಮೈದಾ 100 ಗ್ರಾಂ, ತುರಿದ ಸೂಯೆಟ್ 50 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಉಪ್ಪು. ಫ್ರಿಜ್ಜಿನ ತಣ್ಣೀರಿನಲ್ಲಿ ಕಲಸಿ. ನಾದಬೇಡಿ, ಕೂಡಿಕೊಂಡರೆ ಸಾಕು. ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಕುದಿಯುವ ಸಾರಿನ ಮೇಲೆ ಬಿಟ್ಟು ಮುಚ್ಚಳ ಹಾಕಿ. 20 ನಿಮಿಷ ತೆರೆಯಬೇಡಿ. ನಾನು ಇದಕ್ಕೆ ಕೊತ್ತಂಬರಿ, ಒಂದು ಚಿಟಿಕೆ ಅಜ್ವಾನ ಸೇರಿಸುತ್ತೇನೆ. ಜೋಳದ ಹಿಟ್ಟಿನಲ್ಲೂ ಪ್ರಯತ್ನ ಮಾಡಿದೆ. ಜೋಳಕ್ಕೆ ಜಿಗಿ ಇಲ್ಲ. ಉಂಡೆ ಬಿಚ್ಚಿಕೊಂಡು ಸಾರೆಲ್ಲಾ ಅಂಬಲಿಯಾಯಿತು.

ಸೀಖ್ ಕಬಾಬ್ ಮಾಡಿದರೆ ಸಲಾಕೆಯಿಂದ ಕೆಂಡಕ್ಕೇ ಬೀಳುತ್ತದೆ. ಬೀಳದೆ ಉಳಿದದ್ದು ಒಣ ಕಟ್ಟಿಗೆ. ಹೋಟೆಲಿನವರದು ಹೇಗೆ ರಸ ರಸ ಇರುತ್ತದೆ?
— ಓದುಗರೊಬ್ಬರು, ಶಹಾಪುರ

ತಮ್ಮಾ, ಹೆಲ್ತ್ ಹೆಲ್ತ್ ಅಂತ ಕೊಬ್ಬಿಲ್ಲದ ಖೀಮಾ ತಂದಿರುತ್ತೀರಿ. ಕಬಾಬಿಗೆ ಅದು ಆಗಿ ಬರುವುದಿಲ್ಲ. ಒಂದು ಕೇಜಿ ಖೀಮಾಗೆ 200 ಗ್ರಾಂ ಗುರ್ದೆ ಚರ್ಬಿ ಬೇಕು. ಮೆತ್ತನೆ ಕೊಬ್ಬು ಕೈಶಾಖಕ್ಕೇ ಕರಗಲು ಶುರುವಾಗುತ್ತದೆ, ಕೆಂಡದ ಮೇಲೆ ಇಟ್ಟ ಕೂಡಲೇ ಸೋರಿ ಹೋಗುತ್ತದೆ. ಗುರ್ದೆಯದ್ದು ಗಟ್ಟಿ. ಮಾಂಸ ಬಿಗಿದುಕೊಳ್ಳುವವರೆಗೂ ಒಳಗೆ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ.

ಮಾಂಸವನ್ನು ಮೊದಲೇ ತೊಳೆದು, ನೀರು ಬಸಿದು, ಚರ್ಬಿ ಸೇರಿಸಿಯೇ ಎರಡು ಸಲ ಮಷಿನ್ನಿಗೆ ಹಾಕಿಸಿ. ಖೀಮಾ ಆದ ಮೇಲೆ ತೊಳೆದರೆ ಕೆಟ್ಟಿತು ಅಂತಲೇ ತಿಳಿಯಿರಿ. ಈರುಳ್ಳಿ ಕೊಚ್ಚಿ ಬಟ್ಟೆಯಲ್ಲಿ ಹಿಂಡಿ, ನೀರು ಪೂರ್ತಿ ಹೋಗಲಿ. ಉಪ್ಪು ಹಾಕಿ ಅಂಟು ಬರುವತನಕ ನಾದಿ, ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಶಹಾಪುರದ ಮೇ ತಿಂಗಳಲ್ಲಿ ಹೊರಗೆ ಇಟ್ಟು ಕಲಸಬೇಡಿ. ಇದು ಮಾತ್ರ ತಣ್ಣಗೇ ಇರಬೇಕು.

ಮಗ ಲಂಡನ್ನಿನಲ್ಲಿದ್ದಾನೆ. ನಾವು ಶುದ್ಧ ಸಸ್ಯಾಹಾರಿಗಳು. ಆಫೀಸಿನಲ್ಲಿ "ಮಿನ್ಸ್ ಪೈ" ಕೊಟ್ಟರಂತೆ. ಹೆಸರಲ್ಲಿ ಮಾಂಸ ಇದೆ, ಒಳಗೆ ಬರೀ ಹಣ್ಣು ಅಂತ ತಿಂದನಂತೆ. ತಿನ್ನಬಹುದಾ?
— ತಾಯಿಯೊಬ್ಬರು, ಕಲಬುರಗಿ

ಅಮ್ಮಾ, ಹಣ್ಣು ಅನ್ನುವುದು ನಿಜ. ಒಣದ್ರಾಕ್ಷಿ, ಸೇಬು, ಸಕ್ಕರೆ, ಮಸಾಲೆ ಸೇರಿಸಿದ ಹೂರಣ ಅದು. ಹಿಂದಿನ ಕಾಲದಲ್ಲಿ ಮಾಂಸವೂ ಇರುತ್ತಿತ್ತು. ಮಾಂಸ ಬಿಟ್ಟು ಹೋಯಿತು, ಹೆಸರು ಉಳಿಯಿತು. ಆದರೆ ಹಳೆ ಪದ್ಧತಿಯಲ್ಲಿ ಮಾಡಿದ್ದರೆ ಸೂಯೆಟ್ ಈಗಲೂ ಇರುತ್ತದೆ, ಅಂದರೆ ಪ್ರಾಣಿಯ ಕೊಬ್ಬು. ಅಲ್ಲಿ ವೆಜಿಟೆಬಲ್ ಸೂಯೆಟ್ ಅಂತಲೂ ಸಿಗುತ್ತದೆ. ಅದನ್ನು ಸಾಮಾನ್ಯವಾಗಿ ಪಾಮ್ ಎಣ್ಣೆಯಿಂದ ಮಾಡಿರುತ್ತಾರೆ. ಈಗ ಅಂಗಡಿಯ ಬಹಳಷ್ಟು ಮಿನ್ಸ್ ಪೈಗಳಿಗೆ ಅದನ್ನೇ ಹಾಕುತ್ತಾರೆ. ನಮ್ಮಲ್ಲಿಯ ಹಾಗೆ ಹಸಿರು ಚುಕ್ಕಿ ಹುಡುಕಿದರೆ ಅಲ್ಲಿ ಸಿಗುವುದಿಲ್ಲ. ಪೊಟ್ಟಣದ ಮೇಲೆ ವೆಜಿಟೇರಿಯನ್ ಅಂತ ಬರೆದಿದೆಯಾ ನೋಡಿ ತಿನ್ನಲು ಹೇಳಿ. ಕ್ರಿಸ್‌ಮಸ್ ಪುಡಿಂಗಿಗೂ ಇದೇ ಮಾತು. ಆಗಿದ್ದು ಆಗಿಹೋಯಿತು, ಹುಡುಗನನ್ನು ಬೈಯಬೇಡಿ.

ಯಜಮಾನರಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ನೀವು ಹೀಗೆ ಚರ್ಬಿ ಹೊಗಳಿ ಬರೆಯುವುದು ಸರಿಯೇ?
— ಓದುಗರೊಬ್ಬರು, ಯಾದಗಿರಿ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅವರಿಗೆ ಇದು ಬೇಡ. ಡಾಕ್ಟರ್ ಹೇಳಿದ್ದೇ ಕಡೆಯ ಮಾತು. ಲೆಕ್ಕ ಹೇಳಿಬಿಡುತ್ತೇನೆ: 100 ಗ್ರಾಂ ಸೂಯೆಟ್ಟಿನಲ್ಲಿ 850 ಕ್ಯಾಲೊರಿ ಹತ್ತಿರ ಇರುತ್ತದೆ, ತೂಕದ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ತಿನ್ನುವ ಆರೋಗ್ಯವಂತರಿಗೂ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ ಒಳಗೆ ಇರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಂದು ದೊಡ್ಡ ಚಮಚ ಚರ್ಬಿಯಲ್ಲೇ 7 ಗ್ರಾಂ ಹೋಯಿತು. ನಮ್ಮ ಮನೆಯಲ್ಲಿ ದಿನದ ಅಡುಗೆಗೆ ಕುಸುಬಿ ಎಣ್ಣೆ. ಚರ್ಬಿ ಡಬ್ಬಿ ಹೊರಗೆ ಬರುವುದು ತಿಂಗಳಿಗೆ ಒಂದೋ ಎರಡೋ ಸಲ. ಕೊಬ್ಬು ಜಾಸ್ತಿಯಾದರೆ ಮನುಷ್ಯರೂ ಕೆಡುತ್ತಾರೆ, ಸಾರೂ ಕೆಡುತ್ತದೆ.

ಅಜ್ಜಿ, ವಿದೇಶದಲ್ಲಿ ಚಳಿಗಾಲಕ್ಕೆ ಹಕ್ಕಿಗಳಿಗೆ ಕೊಬ್ಬಿನ ಉಂಡೆ ತೂಗುಹಾಕುತ್ತಾರೆ ಅಂತ ಓದಿದೆ. ನಾನೂ ಮಾಡಲಾ?
— 7ನೇ ತರಗತಿ ಹುಡುಗ, ಚಿತ್ತಾಪುರ

ಬೇಡ ಮಗಾ. ಅಲ್ಲಿ ಹಿಮ ಬೀಳುತ್ತದೆ, ಹಕ್ಕಿಗೆ ಮೈ ಬೆಚ್ಚಗಿಡಲು ಕೊಬ್ಬು ಬೇಕು. ಚಿತ್ತಾಪುರದ ಬಿಸಿಲಿಗೆ ಅದು ಮೆತ್ತಗಾಗಿ, ಮುಗ್ಗಿ, ಹಕ್ಕಿಯ ಪುಕ್ಕಕ್ಕೆ ಮೆತ್ತಿಕೊಳ್ಳುತ್ತದೆ. ಮಣ್ಣಿನ ತಟ್ಟೆಯಲ್ಲಿ ನೀರು ಇಡು. ಒಂದು ಹಿಡಿ ಜೋಳ ಹಾಕು.

ನಮ್ಮ ಬಸವಕಲ್ಯಾಣದ ಅರಸನೇ ಮಾಂಸದಡುಗೆ ಬಗ್ಗೆ ಬರೆದಿದ್ದಾನೆ ಅಂತ ಮೇಷ್ಟ್ರು ಹೇಳಿದರು. ನಿಜವಾ?
— ಓದುಗರೊಬ್ಬರು, ಬಸವಕಲ್ಯಾಣ

ನಿಜ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅಡುಗೆಗೇ ಒಂದು ಭಾಗ ಇದೆ. ನಮ್ಮ ದೋಸೆ, ಇಡ್ಲಿಗಳ ಹಳೆಯ ರೂಪವೂ ಅಲ್ಲಿದೆ, ಕೆಂಡದಲ್ಲಿ ಸುಡುವ ಮಾಂಸವೂ ಇದೆ, ಕರುಳಿನ ಅಡುಗೆಯೂ ಇದೆ. ಪ್ರಾಣಿಯ ಒಳಭಾಗ ತಿನ್ನುವುದು ಬಡವರ ಅಡುಗೆ ಅಂತ ಯಾರಾದರೂ ಅಂದರೆ ಕಲ್ಯಾಣದ ಅರಮನೆ ಕಡೆ ಬೆರಳು ತೋರಿಸಿ.

ಅಕ್ಕಾ, ನೀವು ಕುರಿ ಸಾಕುವ ಮನೆಯವರು ಅಂತ ಬರೆದಿದ್ದಿರಿ. ನಿಮ್ಮ ಮನೆಯಲ್ಲಿ ಚರ್ಬಿ ಹೇಗೆ ಬಳಸುತ್ತಿದ್ದರು?
— ಓದುಗರೊಬ್ಬರು, ಸೇಡಂ

ನಮ್ಮೂರು ಸುರಪುರದ ಕಡೆ. ಅಪ್ಪನ ಹತ್ತಿರ ಇದ್ದವು ಕೆಂಗುರಿ, ಹೆಸರಿನ ಹಾಗೇ ಕೆಂಚು ಬಣ್ಣದ ಕುರಿ. ಮಧ್ಯ ಏಷ್ಯಾದ ಕಡೆ ದುಂಬಾ ಕುರಿ ಇರುತ್ತವೆ. ಅವುಗಳ ಬಾಲದ ಬುಡದಲ್ಲೇ ಕೇಜಿಗಟ್ಟಲೆ ಕೊಬ್ಬು ಜೋತಾಡುತ್ತದೆ. ಅಲ್ಲಿಯವರು ಪುಲಾವ್ ಶುರು ಮಾಡುವುದೇ ಆ ಕೊಬ್ಬು ಕರಗಿಸಿ. ನಮ್ಮ ಕುರಿಗಳ ಬಾಲ ಬೆರಳಿನಷ್ಟು ಸಣ್ಣ. ಬಿಸಿಲಲ್ಲಿ ಹರದಾರಿಗಟ್ಟಲೆ ನಡೆಯುವ ಪ್ರಾಣಿಗಳು, ಮೈಮೇಲೆ ಕೊಬ್ಬು ಎಲ್ಲಿಂದ ಬರಬೇಕು? ಇದ್ದರೆ ಗುರ್ದೆಯ ಹತ್ತಿರ, ಮಳೆಗಾಲ ಕಳೆದು ಹುಲ್ಲು ಮೇದ ಮೇಲೆ. ಅದಕ್ಕೇ ಅವ್ವ ಅದನ್ನು ಅಷ್ಟು ಜೋಪಾನ ಮಾಡುತ್ತಿದ್ದಳು. ನೆಣ ಅನ್ನುತ್ತಿದ್ದಳು, ಚರ್ಬಿ ಅನ್ನುವ ಮಾತು ನಾನು ಕಲಿತದ್ದು ಕಲಬುರಗಿಗೆ ಬಂದ ಮೇಲೆ.

ಊರಲ್ಲಿ ಕಂದೂರಿ, ಅಂದರೆ ಹರಕೆಯ ಮಾಂಸದೂಟ, ಆದ ಮರುದಿನ ಬೆಳಗ್ಗೆ ಈ ಕೆಲಸ. ಶಹಾಬಾದ್ ಕಲ್ಲಿನ ಮೇಲೆ ಕೂತು ಕೊಚ್ಚುವಳು. ನಮ್ಮ ಕಡೆ ಒಲೆಗೆ ತೊಗರಿ ಕಟ್ಟಿಗೆ. ಅದು ಭರ್ ಅಂತ ಉರಿದು ಹೋಗುತ್ತದೆ, ರೊಟ್ಟಿಗೆ ಸರಿ. ನೆಣ ಕರಗಿಸುವ ದಿನ ಮಾತ್ರ ಕುಳ್ಳು (ಬೆರಣಿ) ಹಾಕುವಳು, ಅದರ ಕಾವು ಒಂದೇ ಸಮ ಇರುತ್ತದೆ. ನಾನು ಅವಸರಕ್ಕೆ ಒಂದು ಕಟ್ಟಿಗೆ ತುರುಕಿದರೆ ಕೈಮೇಲೆ ಹೊಡೆತ. "ಯವ್ವಾ, ಸಾವಕಾಶ. ಸುಟ್ರ ಸಾರ ಕೈ ಅದ" ಅನ್ನುತ್ತಿದ್ದಳು, ಸುಟ್ಟರೆ ಸಾರು ಕಹಿ ಅಂತ.

ಸೋಸಿದ್ದು ಮಣ್ಣಿನ ಕುಡಿಕೆಗೆ ಹೋಗಿ, ನೆಲುವಿನ ಮೇಲೆ ಬೆಕ್ಕಿಗೆ ಎಟುಕದಂತೆ ಕೂರುತ್ತಿತ್ತು. ಕಾಲಿನ ಹಿಮ್ಮಡಿ ಒಡೆದಾಗ ಅಪ್ಪ ಅದನ್ನೇ ಬಿಸಿ ಮಾಡಿ ಹಚ್ಚಿಕೊಂಡು ಮಲಗುತ್ತಿದ್ದ. ತಳದಲ್ಲಿ ಉಳಿದ ಗರಿಗರಿ ಚೂರು ನಮ್ಮ ಪಾಲು. ಅದಕ್ಕೆ ಉಪ್ಪು, ಖಾರದ ಪುಡಿ ಉದುರಿಸಿ, ಬಿಸಿ ಜೋಳದ ರೊಟ್ಟಿಯ ಮೇಲೆ ಹಾಕಿ ಮಡಚಿ ಕೊಡುವಳು. ನಾವು ಐದು ಮಕ್ಕಳು. ಚೂರು ಎಣಿಸಿ ಜಗಳ ಆಡುತ್ತಿದ್ದೆವು.

ಕುಡಿಕೆಯದು ಖರ್ಚಾಗುತ್ತಿದ್ದದ್ದು ಪುಂಡಿ ಪಲ್ಯಕ್ಕೆ. ಪುಂಡಿ ಸೊಪ್ಪು, ಜೋಳದ ನುಚ್ಚು, ಹಸಿಮೆಣಸಿನಕಾಯಿ ಬೇಯಿಸಿ ಕಡೆದು, ಕಡೆಗೆ ಒಂದು ಸಣ್ಣ ಚಮಚ ನೆಣ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಪುಂಡಿಯ ಹುಳಿಗೆ ಜಿಡ್ಡು ಮುರಿಯುತ್ತದೆ, ಜಿಡ್ಡಿಗೆ ಹುಳಿ ಮೆತ್ತಗಾಗುತ್ತದೆ. ಸೇಡಂನವರಿಗೆ ಪುಂಡಿ ಬಗ್ಗೆ ನಾನೇನು ಹೇಳಲಿ, ಅಲ್ವಾ? ಒಂದೇ ಎಚ್ಚರ: ಬಾಯಿಯ ಶಾಖ 37 ಡಿಗ್ರಿ, ಕುರಿ ಕೊಬ್ಬಿಗೆ ಅದು ಸಾಲದು. ಪಲ್ಯ ಆರಿತೆಂದರೆ ಜಿಡ್ಡು ತುಟಿಗೂ ಅಂಗುಳಕ್ಕೂ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಅವ್ವ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ಎಲ್ಲರನ್ನೂ ಕರೆಯುತ್ತಿದ್ದಳು. ನಾವು ಗಂಗಾಳ ಹಿಡಿದು ಕೂತ ಮೇಲೇ ಪಲ್ಯಕ್ಕೆ ಚುಂಯ್ ಅನ್ನಿಸುತ್ತಿದ್ದಳು.